‘ಶಾಲೆ ಉಳಿಸುತ್ತೇವೆ’ ಎಂದವರಲ್ಲಿ ಏನು ಕೇಳಬೇಕು?

ಪ್ರಶ್ನೆ: “ನಾವು ಉಡುಪಿ ಜಿಲ್ಲೆಯ ಒಳಬದಿಯವರು. ನಮ್ಮೂರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳು ತರಗತಿ, ಮೂವರು ಟೀಚರ್. ಅದರಲ್ಲೂ ಒಬ್ಬರು ಅತಿಥಿ ಶಿಕ್ಷಕಿ. ಚುನಾವಣೆ ಬಂದರೆ ಎಲ್ಲ ಪಕ್ಷದವರೂ ಅಂಗಳಕ್ಕೆ ಬಂದು ‘ಸರಕಾರಿ ಶಾಲೆ ಉಳಿಸುತ್ತೇವೆ’ ಎನ್ನುತ್ತಾರೆ. ಇವರ ನಿಲುವಿನಲ್ಲಿ ನಿಜಕ್ಕೂ ವ್ಯತ್ಯಾಸ ಉಂಟಾ? ಇದ್ದರೆ ಎಲ್ಲಿ ನೋಡಬೇಕು?”

ವ್ಯತ್ಯಾಸ ಉಂಟು, ದೊಡ್ಡದೇ ಉಂಟು. ಆದರೆ ಅದು ನಿಮ್ಮ ಶಾಲೆಯ ನಾಲ್ಕನೇ ಟೀಚರಿನ ವಿಷಯದಲ್ಲಿ ಇಲ್ಲ. ಬೈಂದೂರಿನಿಂದ ಸುಳ್ಯದವರೆಗೆ ಪ್ರತಿ ಚುನಾವಣೆಯಲ್ಲೂ ಕೇಳಿಬರುವ ಪ್ರಶ್ನೆ ಇದು. ಉತ್ತರವನ್ನು ಎರಡು ಪಾಲು ಮಾಡಿ ಹೇಳುತ್ತೇನೆ: ಪಕ್ಷಗಳು ಜಗಳವಾಡುವ ಕಡೆ ಮೊದಲು, ಜಗಳವೇ ಇಲ್ಲದ ಕಡೆ ಆಮೇಲೆ. ಎರಡನೆಯದು ನಮಗೆ ಹೆಚ್ಚು ಮುಖ್ಯ.

ಮೊದಲ ಜಗಳ ಶಿಕ್ಷಣ ನೀತಿಯದ್ದು. ರಾಷ್ಟ್ರೀಯ ಶಿಕ್ಷಣ ನೀತಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2020ರ ಜುಲೈ 29ರಂದು. ಮರುವರ್ಷ ಆಗಸ್ಟಿನಲ್ಲಿ ಬಿಜೆಪಿ ಸರಕಾರ ಅದನ್ನು ನಮ್ಮ ಪದವಿ ಕಾಲೇಜುಗಳಲ್ಲಿ ಜಾರಿಗೆ ತಂದಿತು, ದೇಶದಲ್ಲೇ ಮೊದಲು ಎಂದು ಹೇಳಿಕೊಂಡಿತು. 2023ರ ಪ್ರಣಾಳಿಕೆಯಲ್ಲಿ ಕಾಂಗ್ರೆಸ್ ಅದನ್ನು ಕೈಬಿಟ್ಟು ರಾಜ್ಯದ್ದೇ ನೀತಿ ತರುವುದಾಗಿ ಬರೆಯಿತು. ಗೆದ್ದ ಮೇಲೆ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಆಯೋಗ ಮಾಡಿತು. ಕೇಂದ್ರದ ನೀತಿಯಡಿ ನಾಲ್ಕು ವರ್ಷಕ್ಕೆ ಹೋಗಿದ್ದ ಪದವಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂತು. 2025ರ ಆಗಸ್ಟಿನಲ್ಲಿ ಆಯೋಗದ ಅಂತಿಮ ವರದಿ ಮುಖ್ಯಮಂತ್ರಿಗಳ ಕೈಸೇರಿತು. ಒಂದೇ ಮನೆಯ ಅಣ್ಣನಿಗೆ ಒಂದು ಪದ್ಧತಿ, ತಂಗಿಗೆ ಇನ್ನೊಂದು ಎಂಬಂತೆ ಮಂಗಳೂರು ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿ ಓದಿದವರಿಗೆ ಈ ಜಗಳದ ಬಿಸಿ ನೇರವಾಗಿಯೇ ತಟ್ಟಿದೆ.

ಆ ವರದಿಯ ಎರಡು ಶಿಫಾರಸುಗಳನ್ನು ಕರಾವಳಿಯವರು ಕಿವಿಗೊಟ್ಟು ಕೇಳಬೇಕು. ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮ ಎಂಬುದು ಒಂದು. ತ್ರಿಭಾಷೆಯ ಬದಲು ಎರಡೇ ಭಾಷೆ ಎಂಬುದು ಮತ್ತೊಂದು. ಎರಡು ಭಾಷೆ ಎಂದೊಡನೆ ಬೆಂಗಳೂರಿನಲ್ಲಿ ನಡೆಯುವ ಚರ್ಚೆ ಹಿಂದಿಯದ್ದು. ನಮ್ಮಲ್ಲಿ ಅದು ತುಳುವಿನ ಪ್ರಶ್ನೆ. 2010ರಿಂದ ದಕ್ಷಿಣ ಕನ್ನಡ, ಉಡುಪಿಯ ಶಾಲೆಗಳಲ್ಲಿ ತುಳು ಕಲಿಯಲು ಅವಕಾಶ ಸಿಕ್ಕಿದ್ದೇ ಮೂರನೇ ಭಾಷೆಯ ಬಾಗಿಲಿನಿಂದ. ಆ ಬಾಗಿಲು ಮುಚ್ಚಿದರೆ ತುಳು ಎಲ್ಲಿ ಕೂರುತ್ತದೆ? ತುಳುವಿನಲ್ಲೇ ಮತ ಕೇಳುವವರು ಇದಕ್ಕೆ ಉತ್ತರ ಕೊಡಬೇಕು, ಅವರು ಯಾವ ಪಕ್ಷದವರೇ ಇರಲಿ.

ಮಾಧ್ಯಮದ ಮಾತಿಗೂ ಒಂದು ಗೋಡೆ ಅಡ್ಡ ಉಂಟು. ಕನ್ನಡ ಅಥವಾ ಮಾತೃಭಾಷೆಯನ್ನು ಮಾಧ್ಯಮವಾಗಿ ಕಡ್ಡಾಯ ಮಾಡಿದ 1994ರ ನಮ್ಮ ಸರಕಾರದ ಆದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2014ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ಮಾತೃಭಾಷೆ ಯಾವುದೆಂದು ಹೇಳುವವರು ತಂದೆತಾಯಿ, ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದು ಅದು ಹೇಳಿದೆ. ಹಾಗಾಗಿ ‘ಎಲ್ಲ ಶಾಲೆಗಳಲ್ಲೂ ಕನ್ನಡ ಮಾಧ್ಯಮ ಕಡ್ಡಾಯ ಮಾಡುತ್ತೇವೆ’ ಎಂದು ಮೈಕಿನಲ್ಲಿ ಹೇಳಿದವರು ಈ ತೀರ್ಪನ್ನು ದಾಟುವ ದಾರಿಯನ್ನೂ ಹೇಳಬೇಕಾಗುತ್ತದೆ.

ಎರಡನೇ ಜಗಳ ಪಠ್ಯಪುಸ್ತಕ ಮತ್ತು ಸಮವಸ್ತ್ರದ್ದು. 2022ರಲ್ಲಿ ಪಠ್ಯ ಪರಿಷ್ಕರಣೆ, 2023ರ ಜೂನಿನಲ್ಲಿ ಹೊಸ ಸಂಪುಟದಿಂದ ಕೆಲವು ಪಾಠಗಳಿಗೆ ಕೊಕ್. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಎದ್ದ ಹಿಜಾಬ್ ಪ್ರಶ್ನೆ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಗಿ, 2022ರ ಅಕ್ಟೋಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳಿಂದ ಎರಡು ತೀರ್ಪು ಬಂತು. ಇಲ್ಲಿ ಪಕ್ಷಗಳ ನಿಲುವು ಎಲ್ಲರಿಗೂ ಗೊತ್ತಿರುವಂಥದ್ದು, ನಾನು ವಿವರಿಸಬೇಕಾಗಿಲ್ಲ. ಆ ವರ್ಷ ನಮ್ಮ ಊರಿನ ಕಾಲೇಜಿನ ಗೇಟು ದೇಶದ ಎಲ್ಲ ಟಿವಿಗಳಲ್ಲೂ ಬಂತು. ಗೇಟಿನ ಒಳಗೆ ಉಪನ್ಯಾಸಕರು ಎಷ್ಟು ಮಂದಿ ಎಂದು ಯಾವ ಟಿವಿಯೂ ಕೇಳಲಿಲ್ಲ ಎಂಬ ನೋವು ನನಗೆ ಈಗಲೂ ಉಂಟು.

ಮೂರನೆಯದು ಹಣದ ಜಗಳ. 1976ರ 42ನೇ ತಿದ್ದುಪಡಿಯಲ್ಲಿ ಶಿಕ್ಷಣ ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಪಟ್ಟಿಗೆ ಹೋಯಿತು. ಶಾಲೆಗಳಿಗೆ ಹಣ ಕೊಡುವ ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಕೇಂದ್ರದ ಮಾದರಿ ಶಾಲೆಗಳ ಯೋಜನೆಯಾದ ಪಿಎಂಶ್ರೀಯ ಒಪ್ಪಂದಕ್ಕೆ ಸಹಿ ಹಾಕದ ತಮಿಳುನಾಡಿಗೆ ಆ ಹಣವೇ ನಿಂತುಹೋಯಿತು. ತಲಪಾಡಿ ಗೇಟಿನಾಚೆಯ ಕೇರಳದಲ್ಲಿ ಎಡರಂಗ ಸರಕಾರ 2025ರ ಅಕ್ಟೋಬರಿನಲ್ಲಿ ಸಹಿ ಹಾಕಿತು, ತನ್ನ ಮಿತ್ರಪಕ್ಷ ಸಿಪಿಐ ಸಿಟ್ಟಾದಾಗ ಅದನ್ನು ತಡೆಹಿಡಿಯಲು ಹೊರಟಿತು. ಲೋಕಸಭೆಗೆ ನಿಂತವರಲ್ಲಿ ಕೇಳಬೇಕಾದ ವಿಷಯ ಇದು. 2024ರ ಲೋಕಸಭಾ ಪ್ರಣಾಳಿಕೆಯಲ್ಲಿ ಕಾಂಗ್ರೆಸ್ ಸರಕಾರಿ ಶಾಲೆಗಳಲ್ಲಿ ಉಚಿತ, ಕಡ್ಡಾಯ ಶಿಕ್ಷಣವನ್ನು 12ನೇ ತರಗತಿಯವರೆಗೆ ಒಯ್ಯುವುದಾಗಿ ಹೇಳಿತ್ತು. ಈಗಿನ ಶಿಕ್ಷಣ ಹಕ್ಕು ಕಾಯಿದೆಯ ಹಕ್ಕು 14 ವರ್ಷಕ್ಕೆ ಮುಗಿಯುತ್ತದೆ. ಒಂಬತ್ತನೇ ತರಗತಿಗೆ ಶುಲ್ಕ ಕಟ್ಟಲಾಗದ ಮನೆಯವರಿಗೆ ಇದರ ಬೆಲೆ ಗೊತ್ತು.

ಇನ್ನು ಜಗಳವೇ ಇಲ್ಲದ ಕಡೆಗೆ ಬರೋಣ.

ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ನೋಡಿ. 2019ರಲ್ಲಿ ಜೆಡಿಎಸ್–ಕಾಂಗ್ರೆಸ್ ಸಮ್ಮಿಶ್ರ ಸರಕಾರ ಸಾವಿರ ಶಾಲೆಗಳಲ್ಲಿ ಆರಂಭಿಸಿತು, ಸಾಹಿತಿಗಳು ಬೀದಿಗಿಳಿದರು. ಮುಂದೆ ಬಂದ ಬಿಜೆಪಿ ಸರಕಾರ ಅದನ್ನು ಮುಚ್ಚಲಿಲ್ಲ. 2024ರ ಬಜೆಟಿನಲ್ಲಿ ಕಾಂಗ್ರೆಸ್ ಇನ್ನೂ ಎರಡು ಸಾವಿರ ಶಾಲೆಗಳನ್ನು ದ್ವಿಭಾಷಾ ಮಾಧ್ಯಮ ಮಾಡುವುದಾಗಿ ಹೇಳಿತು. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗಿದ್ದ ಶೇ. 25 ಸೀಟಿನ ಕಥೆಯೂ ಹೀಗೆಯೇ. ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಸೀಟಿಲ್ಲ ಎಂದು 2019ರ ಆರಂಭದಲ್ಲಿ ನಿಯಮ ಬದಲಿಸಿದ್ದು ಸಮ್ಮಿಶ್ರ ಸರಕಾರ, ಅದನ್ನು ಹಾಗೆಯೇ ಉಳಿಸಿಕೊಂಡದ್ದು ಬಿಜೆಪಿ. ಸರಕಾರಿ ಶಾಲೆಗೆ ಮಕ್ಕಳು ಬರಲಿ ಎಂಬ ಕಾರಣ ಸರಿಯೇ. ಆದರೆ ಬಂದ ಮಕ್ಕಳಿಗೆ ಟೀಚರ್ ಬೇಕಲ್ಲ?

ದೊಡ್ಡ ಶಾಲೆಗಳ ಕನಸು ಕೂಡ ಎಲ್ಲರದ್ದೂ ಒಂದೇ. 2023ರಲ್ಲಿ ಜೆಡಿಎಸ್‌ನ ಚುನಾವಣಾ ಭರವಸೆಯಾದ ಪಂಚರತ್ನದಲ್ಲಿ ಗ್ರಾಮ ಪಂಚಾಯತಿಗೊಂದು ಮಾದರಿ ಶಾಲೆ ಇತ್ತು. ಬಿಜೆಪಿಯ ಪ್ರಣಾಳಿಕೆಯ ವಿಶ್ವೇಶ್ವರಯ್ಯ ವಿದ್ಯಾ ಯೋಜನೆ ದಾನಿಗಳನ್ನೂ ಸಂಸ್ಥೆಗಳನ್ನೂ ಸೇರಿಸಿಕೊಂಡು ಶಾಲೆಗಳನ್ನು ಮೇಲೆತ್ತುವ ಮಾತಾಡಿತು. ಕಾಂಗ್ರೆಸ್ 2025ರ ಬಜೆಟಿನಲ್ಲಿ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆ ಘೋಷಿಸಿತು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಂಪೌಂಡಿನಲ್ಲಿ, ಬಸ್ಸಿನಲ್ಲಿ ಹೋಗಿ ಬರುವುದು. ಒಳ್ಳೆಯದೇ. ಆದರೆ ಸುತ್ತಲಿನ ಸಣ್ಣ ಶಾಲೆಗಳು ಏನಾಗುತ್ತವೆ ಎಂಬುದಕ್ಕೆ ಮೂವರ ಹತ್ತಿರವೂ ಗಟ್ಟಿ ಉತ್ತರ ಇಲ್ಲ.

ನಮ್ಮ ಕಡೆಯ ನೆಲ ಘಟ್ಟದ ಮೇಲಿನಂತಲ್ಲ. ಅಲ್ಲಿ ಊರೆಂದರೆ ಮನೆಗಳೆಲ್ಲ ಒತ್ತಾಗಿ ಒಂದೇ ಕಡೆ. ಇಲ್ಲಿ ಗುಡ್ಡಕ್ಕೊಂದು ಮನೆ, ಗದ್ದೆಯಾಚೆ ಇನ್ನೊಂದು, ನಡುವೆ ತೋಡು, ಅದನ್ನು ದಾಟಲು ಕಾಲುಸಂಕ ಎಂಬ ಕಿರುಸೇತುವೆ. ಶಾಲೆ ಎರಡು ಕಿಲೋಮೀಟರ್ ದೂರ ಹೋಯಿತು ಎಂದರೆ ಜುಲೈ ತಿಂಗಳಲ್ಲಿ ಆ ಎರಡು ಕಿಲೋಮೀಟರ್ ಬೇರೆಯೇ. 2022ರ ಮಳೆಗಾಲದಲ್ಲಿ ಬೈಂದೂರು ಬದಿಯಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟ ಎಳೆಯ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಶಾಲೆಗಳನ್ನು ಒಟ್ಟುಗೂಡಿಸುವ ಮಾತು ಬಂದಾಗಲೆಲ್ಲ ನನಗೆ ಆ ಮಗು ನೆನಪಾಗುತ್ತಾಳೆ. ಬಸ್ ಕೊಡುತ್ತೇವೆ ಎನ್ನುವವರು ಬಸ್ಸು ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಮನೆಯವರೆಗೆ ಏನು ಎಂದೂ ಹೇಳಲಿ.

ಈಗ ನಿಮ್ಮ ಮೂವರು ಟೀಚರಿನ ಲೆಕ್ಕ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಕೊನೆಯಲ್ಲಿ ಒಂದು ಪಟ್ಟಿ ಉಂಟು. ಒಂದರಿಂದ ಐದನೇ ತರಗತಿಗೆ ಎಷ್ಟು ಶಿಕ್ಷಕರು ಎಂಬುದನ್ನು ಅದು ತರಗತಿ ಎಣಿಸಿ ಹೇಳುವುದಿಲ್ಲ, ಮಕ್ಕಳ ತಲೆ ಎಣಿಸಿ ಹೇಳುತ್ತದೆ. 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 120ರವರೆಗೆ ನಾಲ್ವರು. ಅಂದರೆ 61 ಮಕ್ಕಳಿರುವ ಶಾಲೆಯಿಂದ ಇಬ್ಬರು ಮಕ್ಕಳು ಖಾಸಗಿ ಶಾಲೆಯ ಹಳದಿ ಬಸ್ ಹತ್ತಿದರೆ ಒಬ್ಬ ಟೀಚರ್ ‘ಹೆಚ್ಚುವರಿ’ ಆಗುತ್ತಾರೆ, ಬೇರೆ ಶಾಲೆಗೆ ಹೋಗುತ್ತಾರೆ. ಟೀಚರ್ ಹೋದರು ಎಂದು ಮರುವರ್ಷ ಇನ್ನೂ ನಾಲ್ವರು ಮಕ್ಕಳು ಹೋಗುತ್ತಾರೆ. ಶಾಲಾಭಿವೃದ್ಧಿ ಸಮಿತಿಯಲ್ಲಿದ್ದಾಗ ನಾನು ಇದನ್ನು ಕಣ್ಣಾರೆ ಕಂಡೆ. ಜೂನ್ ತಿಂಗಳ ಮಳೆಯಲ್ಲಿ ನಮ್ಮ ಹೆಡ್‌ಮಾಸ್ಟ್ರು ಕೊಡೆ ಹಿಡಿದು ಮನೆಮನೆಗೆ ಹೋದದ್ದು ಪಾಠಕ್ಕಾಗಿ ಅಲ್ಲ, ಆ ಒಂದು ಸಂಖ್ಯೆ ಉಳಿಸಲು. ಸಂಜೆ ಚಾವಡಿಯಲ್ಲಿ ಕೂತು ಅವರು ಹೇಳಿದ್ದು: “ಇನ್ನು ಎರಡು ಮಕ್ಕಳು ಸಿಕ್ಕಿದ್ರೆ ಟೀಚರ್ ಉಳಿತಾರೆ.” ಆ ವರ್ಷ ಸಿಗಲಿಲ್ಲ.

ಐದು ತರಗತಿಗೆ ಇಬ್ಬರು ಟೀಚರ್ ಸಾಕು ಎಂಬ ಈ ಲೆಕ್ಕವನ್ನು ತಿದ್ದಿ ತರಗತಿಗೊಬ್ಬರನ್ನು ಕೊಡುತ್ತೇವೆ ಎಂಬ ಮಾತನ್ನು ನಮ್ಮ ಅಂಗಳಕ್ಕೆ ಬಂದ ಯಾವ ಅಭ್ಯರ್ಥಿಯ ಬಾಯಲ್ಲೂ ನಾನು ಕೇಳಿಲ್ಲ. ಕೇಂದ್ರದ ಪಟ್ಟಿ ಹೇಳುವುದು ಕನಿಷ್ಠ ಸಂಖ್ಯೆ. ಅದಕ್ಕಿಂತ ಹೆಚ್ಚು ಕೊಡಬಾರದು ಎಂದು ರಾಜ್ಯಕ್ಕೆ ಯಾರೂ ಹೇಳಿಲ್ಲ.

ನೇಮಕಾತಿಯ ವೇಗವನ್ನೂ ನೋಡಿ. ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಕ್ಕೆ 2022ರಲ್ಲಿ ಬಿಜೆಪಿ ಸರಕಾರ ಅರ್ಜಿ ಕರೆಯಿತು. ಮದುವೆಯಾದ ಹೆಣ್ಣುಮಕ್ಕಳು ಜಾತಿ–ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಲ್ಲಿ ಕೊಡಬೇಕೋ ಗಂಡನ ಹೆಸರಲ್ಲೋ ಎಂಬ ವ್ಯಾಜ್ಯ ಕೋರ್ಟಿಗೆ ಹೋಯಿತು. ಆಯ್ಕೆಯಾದವರು ಶಾಲೆ ಸೇರುವಾಗ 2023 ಮುಗಿಯುತ್ತಾ ಬಂದಿತ್ತು, ಸರಕಾರವೂ ಬದಲಾಗಿತ್ತು. ಅಷ್ಟು ಕಾಲ ತರಗತಿ ನಡೆಸಿದವರು ಅತಿಥಿ ಶಿಕ್ಷಕರು. 2025ರ ಬಜೆಟಿನಲ್ಲಿ ಅವರ ಗೌರವಧನ ಎರಡು ಸಾವಿರ ಏರಿದೆ. ಬೇಸಿಗೆ ರಜೆಯಲ್ಲಿ ಅವರಿಗೆ ಏನೂ ಇಲ್ಲ. ಅನುದಾನಿತ ಶಾಲೆಗಳ ಪಾಡು ಇದಕ್ಕಿಂತ ಬೇರೆಯಲ್ಲ: ಕರಾವಳಿಯಲ್ಲಿ ಮಿಷನ್‌ಗಳೂ ಊರ ಮಹನೀಯರೂ ಕಟ್ಟಿದ ಎಷ್ಟೋ ಹಳೆಯ ಶಾಲೆಗಳಲ್ಲಿ ನಿವೃತ್ತರಾದವರ ಕುರ್ಚಿ ಖಾಲಿಯಾಗಿಯೇ ಉಳಿದಿದೆ, ಹಳೆ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ಸಂಬಳ ಕೊಡುತ್ತಿದ್ದಾರೆ.

ಎಸ್‌ಎಸ್‌ಎಲ್‌ಸಿಯಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದು ತಿರುಗುಮುರುಗು. ಈ ಹೆಮ್ಮೆಯ ಫ್ಲೆಕ್ಸಿನ ಹಿಂದೆ ನಿಮ್ಮೂರಿನಂಥ ಶಾಲೆ ಕಾಣದೆ ಹೋಗುತ್ತದೆ. ‘ಇಲ್ಲಿ ಎಲ್ಲ ಚಂದ ಉಂಟಲ್ಲ’ ಎಂದು ಅಭ್ಯರ್ಥಿ ತಪ್ಪಿಸಿಕೊಳ್ಳಲು ಆ ಫಲಿತಾಂಶ ನೆಪವಾಗಬಾರದು.

ಯಾರಲ್ಲಿ ಏನು ಕೇಳಬೇಕು ಎಂಬುದು ಇನ್ನುಳಿದದ್ದು. ದಕ್ಷಿಣ ಕನ್ನಡದ ಶಾಲೆಗಳ ಬೋರ್ಡ್ ಓದಿ: ‘ದ.ಕ.ಜಿ.ಪಂ. ಹಿರಿಯ ಪ್ರಾಥಮಿಕ ಶಾಲೆ’. ಹೆಸರಿನಲ್ಲೇ ಜಿಲ್ಲಾ ಪಂಚಾಯತ್ ಉಂಟು. ಅದಕ್ಕೆ 2016ರಲ್ಲಿ ಆರಿಸಿಬಂದವರ ಅವಧಿ 2021ಕ್ಕೆ ಮುಗಿದು, ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತವಾಯಿತು. ಬೋರ್ಡಿನಲ್ಲಿದ್ದ ಮಾಲಕ ಊರಲ್ಲೇ ಇರಲಿಲ್ಲ. ಜಿಲ್ಲಾ, ಗ್ರಾಮ ಪಂಚಾಯತಿಗೆ ನಿಂತವರಲ್ಲಿ ಕಟ್ಟಡ, ಶೌಚಾಲಯ, ಕಾಲುಸಂಕ, ಬಿಸಿಯೂಟದ ಅಡುಗೆಕೋಣೆ ಕೇಳಿ. ಟೀಚರ್ ಕೇಳಿದರೆ ಅವರು ತಲೆಯಾಡಿಸಬಹುದು, ಕೊಡಲು ಅವರ ಕೈಯಲ್ಲಿಲ್ಲ. ಹುದ್ದೆ ಮಂಜೂರಾಗುವುದು ಬೆಂಗಳೂರಿನಲ್ಲಿ, ಆರ್ಥಿಕ ಇಲಾಖೆ ಒಪ್ಪಿದರೆ. ಅದು ಶಾಸಕರಾಗಲು ಬಂದವರಲ್ಲಿ ಕೇಳುವ ಪ್ರಶ್ನೆ. ಕೇಳುವಾಗ ಕಾಯಿದೆಯ 26ನೇ ಕಲಮು ನೆನಪಿರಲಿ: ಮಂಜೂರಾದ ಹುದ್ದೆಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ.

ನೀವು ಶಾಲೆಯ ಮಕ್ಕಳ ಸಂಖ್ಯೆ ಬರೆದಿಲ್ಲ. ಪರವಾಗಿಲ್ಲ, ಅತಿ ಕಡಿಮೆ ಎಂದೇ ಹಿಡಿಯೋಣ. ಒಂದರಿಂದ ಐದಕ್ಕೆ ಕಾಯಿದೆಯ ಪ್ರಕಾರ ಇಬ್ಬರು. ಆರನೇ ತರಗತಿಯಿಂದ ಮಾತ್ರ ‘ತರಗತಿಗೆ ಕನಿಷ್ಠ ಒಬ್ಬರು’ ಎಂಬ ಮಾತು ಅದೇ ಪಟ್ಟಿಯಲ್ಲಿ ಉಂಟು, ಹಾಗಾಗಿ ಆರು ಮತ್ತು ಏಳಕ್ಕೆ ಇನ್ನಿಬ್ಬರು. ಒಟ್ಟು ನಾಲ್ವರು. ನಿಮ್ಮಲ್ಲಿ ಇರುವುದು ಮೂವರು, ಅವರಲ್ಲಿ ಕಾಯಂ ಇಬ್ಬರೇ. ಮುಂದಿನ ಸಲ ಅಂಗಳಕ್ಕೆ ಬಂದವರಿಗೆ ಕುಡಿಯಲು ನೀರು ಕೊಟ್ಟು, ಈ ನಾಲ್ಕರಲ್ಲಿ ಎರಡು ಎಲ್ಲಿ ಹೋಯಿತು, ಯಾವ ತಿಂಗಳಿಗೆ ಬರುತ್ತದೆ ಎಂದು ಕೇಳಿ. ಅವರ ಉತ್ತರವನ್ನು ಶಾಲಾಭಿವೃದ್ಧಿ ಸಮಿತಿಯ ನಡಾವಳಿ ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡಿ.