ಪ್ರೀಆಂಪಿನ ಬೆನ್ನ ಹಿಂದೆ ಎರಡು ದಾರಿ: ಕೇಬಲ್ ಯಾವುದಕ್ಕೆ?

ಪ್ರಶ್ನೆ: ಮನೆಯಲ್ಲೇ ಹಾಡುಗಾರಿಕೆ, ಪಿಟೀಲು, ಮೃದಂಗಗಳ ಧ್ವನಿಮುದ್ರಣ ಮಾಡುತ್ತೇನೆ. ನನ್ನ ಆಡಿಯೊ ಇಂಟರ್‌ಫೇಸ್‌ಗೆ (ಧ್ವನಿಯನ್ನು ಕಂಪ್ಯೂಟರ್‌ಗೆ ಸೇರಿಸುವ ಪೆಟ್ಟಿಗೆ) ಇರುವುದು ಎರಡೇ ಮೈಕ್ ಇನ್‌ಪುಟ್. ಹಿಂಬದಿಯಲ್ಲಿ, ಆಗಲೇ ಹಿಗ್ಗಿಸಿದ ಸಂಕೇತಕ್ಕಾಗಿ ಎರಡು ಲೈನ್ ಇನ್‌ಪುಟ್, ಒಂದು ಆಪ್ಟಿಕಲ್ ಇನ್‌ಪುಟ್. ಮೃದಂಗವೊಂದಕ್ಕೇ ಎರಡು ಮೈಕ್ ಹೋಗುತ್ತದೆಂದು ಎಂಟು ಮೈಕ್‌ಗಳ ಪ್ರೀಆಂಪ್ (ಮೈಕಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ) ತಂದೆ. ಅದಕ್ಕೆ ಅನಲಾಗ್ ಔಟ್‌ಪುಟ್ಟೂ ಇದೆ, ಅಡಾಟ್ ಎಂಬ ಡಿಜಿಟಲ್ ಆಪ್ಟಿಕಲ್ ಔಟ್‌ಪುಟ್ಟೂ ಇದೆ. ಅನಲಾಗ್‌ನಲ್ಲಿ ನಾದ ತುಂಬಿ ಬರುತ್ತದೆ ಎಂದು ಒಬ್ಬರು, ಡಿಜಿಟಲ್‌ನಲ್ಲಿ ಏನೂ ಕಳೆದುಹೋಗುವುದಿಲ್ಲ ಎಂದು ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಆಪ್ಟಿಕಲ್ ಕೇಬಲ್ಲನ್ನೇ ಹಾಕಿ. ಆದರೆ ಅವರಿಬ್ಬರೂ ಕೊಟ್ಟ ಕಾರಣಗಳನ್ನು ಬದಿಗಿಡಿ.

ಮೈಕಿನಿಂದ ಹೊರಟ ಧ್ವನಿ ಕಂಪ್ಯೂಟರ್ ಸೇರುವ ಮೊದಲು ಎಲ್ಲೋ ಒಂದು ಕಡೆ ಅಂಕಿಗಳಾಗಲೇಬೇಕು. ಅನಲಾಗ್ ಕೇಬಲ್ ಹಾಕಿದರೆ ಆ ಕೆಲಸವನ್ನು ಇಂಟರ್‌ಫೇಸ್ ಮಾಡುತ್ತದೆ, ಆಪ್ಟಿಕಲ್ ಹಾಕಿದರೆ ಪ್ರೀಆಂಪ್ ಮಾಡುತ್ತದೆ. ಎರಡು ದಾರಿಯಲ್ಲೂ ಪರಿವರ್ತನೆ ಒಂದೇ ಸಲ. ಇಂದಿನ ಸಾಧಾರಣ ಬೆಲೆಯ ಪೆಟ್ಟಿಗೆಗಳಲ್ಲೂ ಈ ಪರಿವರ್ತಕ ಹಿಡಿಯಬಲ್ಲ ಮೆಲುದನಿಯಿಂದ ಜೋರುದನಿಯವರೆಗಿನ ವ್ಯಾಪ್ತಿ 100 ಡೆಸಿಬಲ್ ದಾಟಿರುತ್ತದೆ. ನಿಮ್ಮ ಕೋಣೆಯ ಫ್ಯಾನು, ಬೀದಿಯ ಸ್ಕೂಟರು, ಪಕ್ಕದ ಮನೆಯ ಮಿಕ್ಸಿ ಇವುಗಳ ಮುಂದೆ ಆ ಎರಡು ಪರಿವರ್ತಕಗಳ ವ್ಯತ್ಯಾಸ ಕಿವಿಗೆ ಬೀಳುವುದು ಕಷ್ಟ. ಮೈಕನ್ನು ನಾಲ್ಕು ಬೆರಳು ಆಚೀಚೆ ಸರಿಸಿ ನೋಡಿ, ಅದರ ವ್ಯತ್ಯಾಸ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು.

ನಿಮ್ಮ ಸಂದರ್ಭದಲ್ಲಿ ಆಪ್ಟಿಕಲ್ ಗೆಲ್ಲುವುದು ಬರಿಯ ಲೆಕ್ಕದಿಂದ. ಲೈನ್ ಇನ್‌ಪುಟ್ ಇರುವುದು ಎರಡು, ಪ್ರೀಆಂಪಿನಿಂದ ಬರುವುದು ಎಂಟು. ಅಡಾಟ್ ಎಂಬ ಈ ಪದ್ಧತಿ 1990ರ ದಶಕದ ಆರಂಭದಲ್ಲಿ ಅಲೆಸಿಸ್ ಕಂಪನಿಯ ಎಂಟು ಟ್ರ್ಯಾಕ್‌ಗಳ ಟೇಪ್ ಯಂತ್ರದೊಂದಿಗೆ ಬಂದದ್ದು. ಒಂದೇ ಎಳೆಯಲ್ಲಿ 48 ಕಿಲೋಹರ್ಟ್ಸ್‌ವರೆಗೆ ಎಂಟು ಚಾನೆಲ್ ಒಯ್ಯುತ್ತದೆ. 96ಕ್ಕೆ ಏರಿಸಿದರೆ ಆ ಎಳೆಯಲ್ಲಿ ನಾಲ್ಕೇ ಚಾನೆಲ್. 24 ಬಿಟ್, 48 ಕಿಲೋಹರ್ಟ್ಸ್ ಇಟ್ಟುಕೊಳ್ಳಿ, ಸಾಕು.

ಇನ್ನು ಯಾರೂ ನಿಮಗೆ ಹೇಳದ ವಿಷಯಕ್ಕೆ ಬರುತ್ತೇನೆ: ಗಡಿಯಾರ.

48 ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆಯುವುದು. ಆ ಎಣಿಕೆಯನ್ನು ಪ್ರತಿ ಪೆಟ್ಟಿಗೆಯೊಳಗಿನ ಸ್ಫಟಿಕವೊಂದು ನಡೆಸುತ್ತದೆ. ಯಾವ ಎರಡು ಸ್ಫಟಿಕಗಳೂ ತದ್ವತ್ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಎರಡರ ನಡುವೆ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಅಳತೆ ತಪ್ಪಿಹೋಗುತ್ತದೆ. ಒಂದೇ ಪಲ್ಲವಿಗೆ ವೇದಿಕೆಯ ಎರಡು ಮೂಲೆಯಲ್ಲಿ ಇಬ್ಬರು ಒಬ್ಬರನ್ನೊಬ್ಬರು ನೋಡದೆ ತಾಳ ಹಾಕಿದಂತೆ. ಅನಲಾಗ್ ಕೇಬಲ್‌ಗೆ ಈ ತಾಪತ್ರಯವೇ ಇಲ್ಲ, ಅಲ್ಲಿ ಎಣಿಸುವವರು ಒಬ್ಬರೇ.

ಇದನ್ನು ನಾನು ಕಲಿತದ್ದು ಒಂದು ಸಂಜೆಯನ್ನು ಪೂರ್ತಿ ಕಳೆದುಕೊಂಡು. ಸ್ನೇಹಿತರ ಪಿಟೀಲು ಮುದ್ರಿಸುತ್ತಿದ್ದೆ. ದೀರ್ಘ ಷಡ್ಜದ ಮೇಲೆ ಕೆಲವು ಸೆಕೆಂಡಿಗೊಮ್ಮೆ ಸಣ್ಣಗೆ ‘ಟಿಕ್’. ಗೋಡೆಯ ಮೇಲೊಂದು ಹಲ್ಲಿ ಇತ್ತು. ಅದೇ ಲೊಚಗುಟ್ಟುತ್ತಿದೆ ಎಂದು ನಾವಿಬ್ಬರೂ ನಂಬಿದೆವು. ಪೊರಕೆ ಹಿಡಿದು ಅದನ್ನು ಓಡಿಸಿದ್ದೂ ಆಯಿತು. ಮತ್ತೆ ಮುದ್ರಿಸಿದರೆ ಮತ್ತೆ ಟಿಕ್. ನಿಜ ಸಂಗತಿ ಏನೆಂದರೆ, ಇಂಟರ್‌ಫೇಸ್‌ನ ಕ್ಲಾಕ್ ಸೆಟ್ಟಿಂಗನ್ನು ‘ಇಂಟರ್ನಲ್’ನಲ್ಲೇ ಬಿಟ್ಟಿದ್ದೆ, ಅಂದರೆ ಅದು ಪ್ರೀಆಂಪನ್ನು ಅನುಸರಿಸದೆ ತನ್ನದೇ ಗಡಿಯಾರದಲ್ಲಿ ಎಣಿಸುತ್ತಿತ್ತು. ತಪ್ಪಿದ ಅಳತೆಯೇ ಆ ಟಿಕ್. ಹಲ್ಲಿ ನಿರಪರಾಧಿ.

ಆದ್ದರಿಂದ ಪ್ರೀಆಂಪನ್ನು ‘ಇಂಟರ್ನಲ್’ಗೆ ಇಟ್ಟು, ಇಂಟರ್‌ಫೇಸ್‌ನ ಕ್ಲಾಕನ್ನು ‘ಅಡಾಟ್’ ಅಥವಾ ‘ಆಪ್ಟಿಕಲ್’ಗೆ ಬದಲಿಸಿ. ಈಗ ತಾಳ ಹಾಕುವುದು ಪ್ರೀಆಂಪ್, ಅನುಸರಿಸುವುದು ಇಂಟರ್‌ಫೇಸ್. ‘ಲಾಕ್’ ಎಂದು ಬಂದರೆ ಸರಿಯಾಯಿತು. ಎರಡರಲ್ಲೂ ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಅಳತೆ ಎಂಬುದು) ಒಂದೇ ಇರಬೇಕು. ಪ್ರೀಆಂಪ್ 48ರಲ್ಲಿ ಕಳಿಸುತ್ತಿದ್ದು, ಕಂಪ್ಯೂಟರ್ ಅದನ್ನು 44.1 ಎಂದು ಬರೆದುಕೊಂಡರೆ ಆಮೇಲೆ ಕೇಳುವಾಗ ಹಾಡು ನಿಧಾನವಾಗಿ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿದಿರುತ್ತದೆ. ಗಾಯಕರು ಇದನ್ನು ಕ್ಷಮಿಸುವುದಿಲ್ಲ. ಪ್ರೀಆಂಪ್ ಆರಿಸಿ ಬರಿಯ ಇಂಟರ್‌ಫೇಸ್ ಬಳಸುವ ದಿನ ಕ್ಲಾಕನ್ನು ಮರಳಿ ‘ಇಂಟರ್ನಲ್’ಗೆ ತರಲು ಮರೆಯಬೇಡಿ.

ಹೀಗೆ ಜೋಡಿಸಿದ ಮೇಲೆ ಆ ಎಂಟು ಚಾನೆಲ್‌ಗಳಿಗೆ ಇಂಟರ್‌ಫೇಸ್‌ನ ಗೇನ್ ಗುಂಡಿ ತಿರುಗಿಸಿದರೆ ಏನೂ ಆಗದು. ಮಟ್ಟ ನಿರ್ಧಾರವಾಗುವುದು ಪ್ರೀಆಂಪಿನಲ್ಲೇ. ಮೃದಂಗದ ಜೋರಾದ ಪೆಟ್ಟು ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲಲಿ. ಸೊನ್ನೆಗೆ ತಗುಲಿ ಒಡೆದ ಧ್ವನಿಯನ್ನು ಆಮೇಲೆ ರಿಪೇರಿ ಮಾಡುವುದು ದೊಡ್ಡ ತಲೆನೋವು.

ಆಪ್ಟಿಕಲ್‌ನ ಇನ್ನೊಂದು ಉಪಕಾರ ನಮ್ಮ ಮನೆಗಳಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಅದರಲ್ಲಿ ಹರಿಯುವುದು ಬೆಳಕು, ವಿದ್ಯುತ್ತಲ್ಲ. ಎರಡು ಉಪಕರಣಗಳ ಅರ್ತ್ ಸುತ್ತುಹಾಕಿ ಹುಟ್ಟುವ 50 ಹರ್ಟ್ಸ್‌ನ ಗುಂಯ್‌ಕಾರ ಆ ಎಳೆಯ ಮೂಲಕ ದಾಟಲಾರದು. (ಗುಂಯ್ ನಿಲ್ಲಿಸಲೆಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ, ಪ್ರಾಣಕ್ಕೆ ಅಪಾಯ.)

ಅನಲಾಗ್‌ಗೂ ಅದರ ಜಾಗವಿದೆ. ಶ್ರುತಿಗೆ ಎಲೆಕ್ಟ್ರಾನಿಕ್ ತಂಬೂರಿ ಇಡುವಿರಾದರೆ ಅದರ ಲೈನ್ ಔಟ್ ನೇರ ಇಂಟರ್‌ಫೇಸ್‌ನ ಲೈನ್ ಇನ್‌ಪುಟ್‌ಗೆ ಹೋಗಲಿ. ಅದರೊಳಗಿನ ಅಂಕಿಗಳು ಒಮ್ಮೆ ಅನಲಾಗ್ ಆಗಿ ಮತ್ತೆ ಅಂಕಿಗಳಾಗುತ್ತವೆ, ನಿಜ. ಒಂದು ಸುತ್ತಿಗೆ ತಂಬೂರಿಯೇನೂ ಬಡವಾಗದು. ಲೈನ್ ಔಟನ್ನು ಮೈಕ್ ಇನ್‌ಪುಟ್‌ಗೆ ಮಾತ್ರ ಸಿಕ್ಕಿಸಬೇಡಿ: ಸಶಕ್ತವಾದ ಸಂಕೇತವನ್ನು ಇನ್ನೊಂದು ಪ್ರೀಆಂಪ್ ಮತ್ತೆ ಹಿಗ್ಗಿಸುತ್ತದೆ, 48 ವೋಲ್ಟ್ ಫ್ಯಾಂಟಮ್ (ಕೇಬಲ್ ಮೂಲಕ ಮೈಕಿಗೆ ಹೋಗುವ ವಿದ್ಯುತ್) ಆನ್ ಇದ್ದರೆ ತಂಬೂರಿಗೂ ಕೇಡು.

ಕೊಳ್ಳುವಾಗ ನೆನಪಿಡಿ, ಟಿವಿಗೆ ಸೌಂಡ್‌ಬಾರ್ ಜೋಡಿಸುವ ಆಪ್ಟಿಕಲ್ ಕೇಬಲ್ಲೂ ಇದೂ ಒಂದೇ. ಆದರೆ ಅದೇ ಕಿಂಡಿಯಲ್ಲಿ ಎಸ್‌ಪಿಡಿಫ್ ಎಂಬ ಎರಡು ಚಾನೆಲ್‌ಗಳ ಬೇರೊಂದು ಭಾಷೆಯೂ ಓಡಾಡುತ್ತದೆ; ಇಂಟರ್‌ಫೇಸ್‌ನ ಸೆಟ್ಟಿಂಗ್‌ನಲ್ಲಿ ಅಡಾಟ್ ಆರಿಸಿದ್ದೀರಾ ನೋಡಿಕೊಳ್ಳಿ. ಕೇಬಲ್ ಒಂದೆರಡು ಮೀಟರ್ ಸಾಕು. ಪ್ರೀಆಂಪನ್ನು ಇಂಟರ್‌ಫೇಸ್ ಪಕ್ಕದಲ್ಲೇ ಇಟ್ಟು, ದೂರ ಕ್ರಮಿಸುವ ಕೆಲಸವನ್ನು ಮೈಕ್ ಕೇಬಲ್‌ಗಳಿಗೆ ಬಿಡಿ. ಎಳೆಯನ್ನು ಚೂಪಾಗಿ ಮಡಚಬೇಡಿ. ಹೊಸ ಕೇಬಲ್‌ನ ಎರಡೂ ತುದಿಗೆ ಉಗುರಿನಷ್ಟು ಪ್ಲಾಸ್ಟಿಕ್ ಟೊಪ್ಪಿಗೆ ಇರುತ್ತದೆ, ಪಾರದರ್ಶಕವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತೆಗೆಯಿರಿ. ಒಂದು ತುದಿಯನ್ನು ಪ್ರೀಆಂಪಿಗೆ ಸಿಕ್ಕಿಸಿ ಇನ್ನೊಂದನ್ನು ಅಂಗೈಗೆ ಹಿಡಿದರೆ ಕೆಂಪು ಚುಕ್ಕೆ ಕಾಣಬೇಕು.