ಹಡಗಿನ ನೆಲಕ್ಕೆ ತೂತಿಲ್ಲ

ಮೋಟಾರ್‌ಹೋಮ್ ಅಂದರೆ ಮಂಚ, ಒಲೆ, ಫ್ರಿಜ್, ಬಚ್ಚಲು ಎಲ್ಲವೂ ಒಳಗೇ ಇರುವ ದೊಡ್ಡ ವ್ಯಾನ್. ಅದರ ಹೊರಮೈಯಲ್ಲಿ ಒಂದು ಸಣ್ಣ ಬಾಗಿಲಿರುತ್ತದೆ. ತೆಗೆದರೆ ಒಂದು ಗೂಡು. ಗೂಡಿನಲ್ಲಿ ಒಂದೋ ಎರಡೋ ಗ್ಯಾಸ್ ಸಿಲಿಂಡರ್‌ಗಳನ್ನು ಬೆಲ್ಟ್ ಬಿಗಿದು ನಿಲ್ಲಿಸಿರುತ್ತಾರೆ. ಸಿಲಿಂಡರ್ ಬಿಡಿ, ಗೂಡಿನ ನೆಲ ನೋಡಿ. ಅಲ್ಲೊಂದು ತೂತಿದೆ. ಬಗ್ಗಿ ಇಣುಕಿದರೆ ಕೆಳಗಿನ ರಸ್ತೆಯೇ ಕಾಣುತ್ತದೆ. ತುಕ್ಕು ಹಿಡಿದು ಆದದ್ದಲ್ಲ, ಕಟ್ಟುವಾಗಲೇ ಅಳತೆ ನೋಡಿ ಕೊರೆದದ್ದು. ಇತ್ತ ಗೂಡಿನಿಂದ ವ್ಯಾನಿನ ಒಳಕ್ಕೆ ಮಾತ್ರ ಒಂದು ಸಂದೂ ಇರಬಾರದು. ಧೂಳು ಬರುತ್ತೆ, ಚಳಿ ಬರುತ್ತೆ ಅಂತ ಯಾರಾದರೂ ಈ ತೂತಿಗೆ ಬಟ್ಟೆ ತುರುಕಿದರೆ ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ.

ಸಿಲಿಂಡರಿನಲ್ಲಿರುವುದು ಪ್ರೋಪೇನ್, ಬ್ಯೂಟೇನ್, ಇಲ್ಲವೇ ಎರಡರ ಮಿಶ್ರಣ. ನಮ್ಮ ಅಡುಗೆಮನೆಯ 14.2 ಕೆಜಿ ಸಿಲಿಂಡರಿನಲ್ಲಿರುವುದೂ ಇದೇ. ಪ್ರೋಪೇನ್ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ಹಾಗಾಗಿ ಸೋರಿದರೆ ಮೇಲಕ್ಕೆ ಏಳುವುದಿಲ್ಲ. ಕೊಡ ಉರುಳಿ ಚೆಲ್ಲಿದ ನೀರಿನ ಹಾಗೆ ನೆಲ ಹಿಡಿದು, ತಗ್ಗು ಹುಡುಕಿಕೊಂಡು ಹೋಗುತ್ತದೆ. ವ್ಯಾನ್ ಬಯಲಲ್ಲಿ ನಿಂತಿದ್ದರೆ ತೊಂದರೆಯಿಲ್ಲ. ಸೋರಿದ ಗ್ಯಾಸ್ ತೂತಿನಿಂದ ಕೆಳಗಿಳಿಯುತ್ತದೆ, ಬೀಸುವ ಗಾಳಿಗೆ ಚದುರಿ ತೆಳುವಾಗುತ್ತದೆ. ಕೆಳಗೆ ಬಯಲಿದೆ ಅನ್ನುವ ನಂಬಿಕೆಯ ಮೇಲೇ ಇಡೀ ವ್ಯವಸ್ಥೆ ನಿಂತಿದೆ.

ಈಗ ಅದೇ ವ್ಯಾನನ್ನು ಇಂಗ್ಲೆಂಡಿನ ಡೋವರ್ ಬಂದರಿನಲ್ಲಿ ಫೆರಿಗೆ ಹತ್ತಿಸಿ. ಫ್ರಾನ್ಸಿನ ಕ್ಯಾಲೆ ಊರಿಗೆ ಸುಮಾರು ಒಂದೂವರೆ ಗಂಟೆಯ ದಾರಿ. ಹಡಗಿನ ಹೊಟ್ಟೆಯೊಳಗೆ ಕಾರು, ಲಾರಿ, ವ್ಯಾನುಗಳನ್ನು ಒತ್ತೊತ್ತಾಗಿ ನಿಲ್ಲಿಸುತ್ತಾರೆ. ದೊಡ್ಡ ಬಾಗಿಲು ಮುಚ್ಚುತ್ತದೆ. ಗೂಡಿನ ತೂತಿನಿಂದ ಇಣುಕಿದರೆ ಈಗ ಕಾಣುವುದು ಉಕ್ಕಿನ ನೆಲ. ಸೋರಿದ ಗ್ಯಾಸ್ ಬಯಲಿಗೆ ಹೋಗಲು ಆ ನೆಲದಲ್ಲಿ ದಾರಿಯಿಲ್ಲ. ನೀರು ಹೊರಹೋಗುವ ಮೋರಿಗಳೇನೋ ಇರುತ್ತವೆ. ಅವುಗಳ ಬಾಯಿ ಎಂಜಿನ್ ಕೋಣೆಯಂಥ ಕಿಡಿ ಇರುವ ಜಾಗಕ್ಕೆ ತೆರೆಯಬಾರದು ಅಂತ ನಿಯಮವೇ ಇದೆ. ಗ್ಯಾಸೂ ಆವಿಯೂ ಅಲ್ಲಿಗೇ ಇಳಿಯುತ್ತವೆ ಅನ್ನುವುದು ಹಡಗು ಕಟ್ಟುವವರಿಗೆ ಚೆನ್ನಾಗಿ ಗೊತ್ತು.

ಒಂದು ಸಣ್ಣ ಲೆಕ್ಕ ಮಾಡೋಣ. ದ್ರವ ಪ್ರೋಪೇನ್ ಅನಿಲವಾದಾಗ ಸುಮಾರು 270 ಪಟ್ಟು ಹಿಗ್ಗುತ್ತದೆ. ಜರ್ಮನಿಯಲ್ಲಿ ಸಿಗುವ 11 ಕೆಜಿ ಸಿಲಿಂಡರ್ ಪೂರ್ತಿ ಖಾಲಿಯಾದರೆ ಹತ್ತಿರ ಹತ್ತಿರ 6 ಘನ ಮೀಟರ್ ಅನಿಲ. ಗಾಳಿಯಲ್ಲಿ ಪ್ರೋಪೇನ್ 2.1ರಿಂದ 9.5 ಶೇಕಡಾ ಬೆರೆತಿದ್ದರೆ ಮಾತ್ರ ಬೆಂಕಿ ಹತ್ತುತ್ತದೆ. ಕಡಿಮೆಯಾದರೂ ಹತ್ತದು, ಜಾಸ್ತಿಯಾದರೂ ಹತ್ತದು. ಆ 6 ಘನ ಮೀಟರ್ ಕನಿಷ್ಠ ಮಟ್ಟಕ್ಕೆ ತೆಳುವಾದರೆ ಸುಮಾರು 280 ಘನ ಮೀಟರ್ ಗಾಳಿ ಹತ್ತಿಕೊಳ್ಳುವಂತಾಗುತ್ತದೆ. ಅಂದರೆ ಉದ್ದ, ಅಗಲ, ಎತ್ತರ ಎಲ್ಲವೂ 10 ಅಡಿ ಇರುವ ಹತ್ತು ಕೋಣೆ. ಹಡಗಿನ ವಾಹನದ ಅಂತಸ್ತು ಇದಕ್ಕಿಂತ ಎಷ್ಟೋ ದೊಡ್ಡದು, ಅಲ್ವಾ ಅಂತ ಕೇಳಬಹುದು. ನಿಜ. ಆದರೆ ಗ್ಯಾಸ್ ತಕ್ಷಣ ಎಲ್ಲ ಕಡೆ ಸಮವಾಗಿ ಹರಡಿಕೊಳ್ಳುವುದಿಲ್ಲ. ನೆಲದಲ್ಲಿ ಮಡುಗಟ್ಟುತ್ತದೆ.

ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ, ಸಮುದ್ರಯಾನದ ಸುರಕ್ಷತೆಗೆ ಸೋಲಾಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿತು. ಹಲವು ಸಲ ತಿದ್ದಿದ ಅದರ ಈಗಿನ ರೂಪದಲ್ಲಿ ವಾಹನದ ಅಂತಸ್ತಿಗೆ ಪ್ರತ್ಯೇಕ ನಿಯಮಗಳಿವೆ. ಪ್ರಯಾಣಿಕರ ಹಡಗಿನಲ್ಲಿ ಮುಚ್ಚಿದ ವಾಹನದ ಅಂತಸ್ತಿನ ಗಾಳಿಯನ್ನು ದೊಡ್ಡ ಫ್ಯಾನುಗಳು ಗಂಟೆಗೆ ಕನಿಷ್ಠ 10 ಸಲ ಬದಲಿಸಬೇಕು. ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು. ನೆಲದಿಂದ 450 ಮಿಲಿಮೀಟರ್, ಅಂದರೆ ಒಂದೂವರೆ ಅಡಿ ಎತ್ತರದವರೆಗೆ ಯಾವುದೇ ವಿದ್ಯುತ್ ಉಪಕರಣ ಇಟ್ಟರೆ ಅದು ಸ್ಫೋಟಕ ಆವಿಯ ನಡುವೆಯೂ ಕಿಡಿ ಹೊತ್ತಿಸದ ಬಗೆಯದಾಗಿರಬೇಕು. ಅದಕ್ಕಿಂತ ಮೇಲಿನದಕ್ಕೆ ಇಷ್ಟು ಬಿಗಿ ಇಲ್ಲ. ಪೆಟ್ರೋಲ್ ಆವಿಯನ್ನು ನೆನೆದು ಬರೆದ ನಿಯಮ ಇದು. ಅದೂ ಗಾಳಿಗಿಂತ ಭಾರವೇ. ಅಪಾಯ ಮೊಣಕಾಲಿನ ಕೆಳಗಿದೆ ಅಂತ ಮಿಲಿಮೀಟರಿನಲ್ಲಿ ಬರೆದಿಟ್ಟಿದ್ದಾರೆ.

ಮೋಟಾರ್‌ಹೋಮಿನಲ್ಲಿ ಕಿಡಿ ಎಲ್ಲಿಂದ ಬರಬೇಕು? ಒಲೆ ಆರಿಸಿದ್ದೀರಿ, ವ್ಯಾನಿಗೆ ಬೀಗ ಹಾಕಿ ಮೇಲೆ ಕಾಫಿ ಕುಡಿಯಲು ಹೋಗಿದ್ದೀರಿ. ಕಿತಾಪತಿ ಫ್ರಿಜ್ಜಿನದು.

ಇಲ್ಲಿನ ಫ್ರಿಜ್ ನಮ್ಮ ಮನೆಯದರಂತೆ ಕಂಪ್ರೆಸರ್ ಇಟ್ಟುಕೊಂಡು ಗುಂಯ್‌ಗುಡುವುದಿಲ್ಲ. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಬೆಂಕಿಯಿಂದ ತಂಪು ಮಾಡುವ ಫ್ರಿಜ್ಜನ್ನು ರೂಪಿಸಿದರು. ಅದರ ವಂಶದ್ದೇ ಇದು. ಕೊಳವೆಯೊಳಗೆ ಅಮೋನಿಯಾ ಕರಗಿದ ನೀರಿರುತ್ತದೆ. ಕೆಳಗೆ ಸಣ್ಣ ಗ್ಯಾಸ್ ಉರಿ. ಬಿಸಿಗೆ ಅಮೋನಿಯಾ ನೀರು ಬಿಟ್ಟು ಆವಿಯಾಗಿ ಮೇಲೇರುತ್ತದೆ, ಮೇಲಿನ ಕೊಳವೆಯಲ್ಲಿ ತಣಿದು ದ್ರವವಾಗುತ್ತದೆ. ಆಮೇಲೆ ಹೈಡ್ರೋಜನ್ ತುಂಬಿದ ಕೊಳವೆಗೆ ಇಳಿದು ಮತ್ತೆ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಫ್ರಿಜ್ಜಿನ ಒಳಗಿನಿಂದ ಹೀರುತ್ತದೆ. ಹಾಲು ಕೆಡದೆ ಉಳಿಯುತ್ತದೆ. ಕೊನೆಗೆ ಅಮೋನಿಯಾ ನೀರಿಗೇ ವಾಪಸ್. ತಿರುಗುವ ಭಾಗ ಒಂದೂ ಇಲ್ಲ, ಸದ್ದೂ ಇಲ್ಲ. ದ್ರವ ತನ್ನ ತೂಕಕ್ಕೇ ಹರಿಯಬೇಕಾದ್ದರಿಂದ ವ್ಯಾನ್ ಜಾಸ್ತಿ ವಾಲಿ ನಿಂತರೆ ಮಾತ್ರ ಮುಷ್ಕರ ಹೂಡುತ್ತದೆ.

ಈ ಫ್ರಿಜ್ ಗ್ಯಾಸಿನಿಂದಲೂ ನಡೆಯುತ್ತದೆ, ವ್ಯಾನಿನ 12 ವೋಲ್ಟಿನಿಂದಲೂ ನಡೆಯುತ್ತದೆ, ಕ್ಯಾಂಪಿನ 230 ವೋಲ್ಟಿನಿಂದಲೂ ನಡೆಯುತ್ತದೆ. ಹಲವು ಮಾದರಿಗಳಲ್ಲಿ ಯಾವುದು ಅಂತ ಫ್ರಿಜ್ಜೇ ಆರಿಸಿಕೊಳ್ಳುತ್ತದೆ. ಎಂಜಿನ್ ಓಡುವಾಗ 12 ವೋಲ್ಟ್. ಎಂಜಿನ್ ನಿಂತ ಮೇಲೂ ಅದನ್ನೇ ಎಳೆದರೆ ಬ್ಯಾಟರಿ ಬೇಗ ಬರಿದಾಗುತ್ತದೆ, ಅದಕ್ಕೆ ಗ್ಯಾಸಿಗೆ ಬದಲಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಉರಿ ಹತ್ತಿದರೆ ಕಷ್ಟ ಅಂತ ಎಂಜಿನ್ ನಿಂತು ಸುಮಾರು 15 ನಿಮಿಷ ಕಾಯುವಂತೆ ಮಾಡಿದ್ದಾರೆ. ಬಂಕಿಗೆ ಇದು ಒಳ್ಳೆಯ ಉಪಾಯ. ಫೆರಿಗೆ? ನೀವು ವ್ಯಾನ್ ನಿಲ್ಲಿಸಿ ಮೇಲೆ ಹೋಗಿರುತ್ತೀರಿ. ಹದಿನೈದು ನಿಮಿಷವಾದ ಮೇಲೆ ಕೆಳಗೆ ಕತ್ತಲಲ್ಲಿ ಟಿಕ್ ಟಿಕ್ ಅಂತ ಕಿಡಿ ಹಾರುತ್ತದೆ. ಸಿಲಿಂಡರ್ ತೆರೆದಿದ್ದರೆ ಪೆಟ್ರೋಲ್ ಕಾರುಗಳ ನಡುವೆ ನೀಲಿ ಉರಿ ಹತ್ತಿಕೊಳ್ಳುತ್ತದೆ. ಯಾರೂ ಹಚ್ಚಲಿಲ್ಲ. ಸಮುದ್ರದ ಮಧ್ಯೆ ವಾಹನದ ಅಂತಸ್ತಿಗೆ ಪ್ರಯಾಣಿಕರನ್ನು ಬಿಡುವುದೂ ಇಲ್ಲ, ನೆನಪಾದರೂ ಇಳಿದು ಆರಿಸಲಾಗದು. ಆದ್ದರಿಂದ ಸಿಲಿಂಡರನ್ನೂ ಮುಚ್ಚಬೇಕು, ಫ್ರಿಜ್ಜನ್ನೂ ಪೂರ್ತಿ ಆಫ್ ಮಾಡಬೇಕು.

ಒಲೆಯ, ಹೀಟರಿನ ಗುಂಡಿ ತಿರುಗಿಸಿದರೆ ಸಾಲದು, ಸಿಲಿಂಡರಿನ ತಲೆಯ ವಾಲ್ವನ್ನೇ ಮುಚ್ಚಿ ಅನ್ನುತ್ತಾರೆ. ಇದಕ್ಕೂ ಕಾರಣವಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರೋಪೇನ್ ಸಿಲಿಂಡರಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಎಂಟು ಪಟ್ಟಿಗೂ ಜಾಸ್ತಿ. ರೆಗ್ಯುಲೇಟರ್ ಅದನ್ನು ಹೊರಗಿನದಕ್ಕಿಂತ ಬರೀ 30 ಮಿಲಿಬಾರ್ ಹೆಚ್ಚು ಇರುವಷ್ಟಕ್ಕೆ ಇಳಿಸುತ್ತದೆ. ಈಗಿನ ಎಷ್ಟೋ ಮೋಟಾರ್‌ಹೋಮ್‌ಗಳಲ್ಲಿ ರೆಗ್ಯುಲೇಟರ್ ಸಿಲಿಂಡರಿನ ಮೇಲಿರುವುದಿಲ್ಲ, ಗೂಡಿನ ಗೋಡೆಗೆ ಕೂತಿರುತ್ತದೆ. ನಡುವೆ ಒಂದು ಗಿಡ್ಡ ಪೈಪು. ಗುಂಡಿಗಳನ್ನಷ್ಟೇ ಮುಚ್ಚಿದರೆ ಆ ಪೈಪಿನಲ್ಲಿ ಸಿಲಿಂಡರಿನ ಪೂರ್ತಿ ಒತ್ತಡ ಕೂತೇ ಇರುತ್ತದೆ. ಹಡಗು ಹೊಯ್ದಾಡುವಾಗ ಸೋರುವುದಿದ್ದರೆ ಅಲ್ಲೇ. ವಾಲ್ವ್ ಮುಚ್ಚಿದರೆ ಪೈಪಿನಲ್ಲಿ ಉಳಿದ ಒಂದು ಗುಟುಕಿನಷ್ಟು ಗ್ಯಾಸ್ ಮಾತ್ರ ಹೋಗಬಹುದು.

ಸಿಲಿಂಡರನ್ನು ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ವಾಲ್ವಿನ ಬಾಯಿಗೆ ಅನಿಲದ ಬದಲು ದ್ರವ ಬರುತ್ತದೆ, ದ್ರವ ಹೊರಬಂದರೆ 270 ಪಟ್ಟು. ಇನ್ನು ಪೂರ್ತಿ ತುಂಬದೆ ಶೇಕಡಾ 80ರ ಆಸುಪಾಸಿಗೆ ನಿಲ್ಲಿಸುವುದೇಕೆ? ಬಿಸಿಯಾದರೆ ಈ ದ್ರವ ನೀರಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು.

ನಮ್ಮಲ್ಲಿ ರೈಲಿನಲ್ಲಿ ಗ್ಯಾಸ್ ಸಿಲಿಂಡರ್ ಒಯ್ಯುವಂತಿಲ್ಲ. ಹಾಗಿರುವಾಗ ಹಡಗಿನಲ್ಲಿ ಹೇಗೆ ಬಿಡುತ್ತಾರೆ ಅನ್ನಿಸಬಹುದು. ಬಿಡುತ್ತಾರೆ, ವ್ಯಾನಿನ ಅಡುಗೆಗೆ ಅಂತ ಗೂಡಿನಲ್ಲಿ ಬಿಗಿದಿಟ್ಟದ್ದಾದರೆ. ಬ್ರಿಟನ್ನಿನ ಹಲವು ಫೆರಿಗಳಲ್ಲಿ ಹೆಚ್ಚೆಂದರೆ ಮೂರು ಸಿಲಿಂಡರ್, ಒಟ್ಟು 47 ಕೆಜಿ ಎಂಬ ಮಿತಿ ಇಟ್ಟುಕೊಂಡಿದ್ದಾರೆ. ಮಿತಿ ಕಂಪನಿಯಿಂದ ಕಂಪನಿಗೆ ಬೇರೆ, ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳುವುದು ವಾಸಿ. ತಮಾಷೆ ಅಂದರೆ, ಹತ್ತಾರು ಕೆಜಿ ಗ್ಯಾಸನ್ನು ಒಪ್ಪುವ ಹಲವು ಕಂಪನಿಗಳು ಡಿಕ್ಕಿಯಲ್ಲಿಟ್ಟ ಒಂದು ಕ್ಯಾನ್ ಪೆಟ್ರೋಲನ್ನು ಒಪ್ಪುವುದಿಲ್ಲ. ಸಿಲಿಂಡರ್ ಒತ್ತಡ ತಡೆಯಲೆಂದೇ ಪರೀಕ್ಷೆ ಮಾಡಿ ಕಟ್ಟಿದ ಉಕ್ಕಿನ ಪಾತ್ರೆ. ಪೆಟ್ರೋಲ್ ಕ್ಯಾನಿನ ಮುಚ್ಚಳ ಸ್ವಲ್ಪ ಸಡಿಲವಾದರೂ ಆವಿ ಹೊರಗೆ.

ಇಂಗ್ಲೆಂಡ್ ಮತ್ತು ಫ್ರಾನ್ಸಿನ ನಡುವೆ ಸಮುದ್ರದ ಕೆಳಗಿನ ಚಾನೆಲ್ ಸುರಂಗದಲ್ಲಿ ವಾಹನಗಳನ್ನು ಹೊತ್ತೊಯ್ಯುವ ರೈಲಿನಲ್ಲಿ ನಿಯಮ ಬೇರೆ. ಒಂದು ಸಿಲಿಂಡರಾದರೆ 47 ಕೆಜಿ, ಒಂದಕ್ಕಿಂತ ಹೆಚ್ಚಾದರೆ ಒಟ್ಟು 50 ಕೆಜಿ. ವ್ಯಾನಿಗೇ ಕೂರಿಸಿದ ಟ್ಯಾಂಕಾದರೆ 93 ಕೆಜಿ, ಅದೂ ಶೇಕಡಾ 80ಕ್ಕಿಂತ ಜಾಸ್ತಿ ತುಂಬಿರಬಾರದು. ಎಂಜಿನ್ನೇ ಎಲ್‌ಪಿಜಿಯಿಂದ ಓಡುವ ಗಾಡಿಗಂತೂ ಪ್ರವೇಶವೇ ಇಲ್ಲ.

ಇಷ್ಟು ತಾಪತ್ರಯ ಬೇಡ, ಆಚೆ ದಡದಲ್ಲಿ ಹೊಸ ಸಿಲಿಂಡರ್ ತಗೊಂಡರಾಯ್ತಲ್ಲ? ಆಗೋದಿಲ್ಲ. ಬ್ರಿಟನ್ನಿನ ಸಿಲಿಂಡರನ್ನು ಫ್ರಾನ್ಸಿನಲ್ಲಿ ಬದಲಿಸಿ ಕೊಡುವುದಿಲ್ಲ, ಜರ್ಮನಿಯದನ್ನು ಸ್ಪೇನಿನಲ್ಲಿ ಕೊಡುವುದಿಲ್ಲ. ವಾಲ್ವಿನ ತಿರುಪೂ ದೇಶದಿಂದ ದೇಶಕ್ಕೆ ಬೇರೆ. ಯುರೋಪಿನ ಬಹುತೇಕ ಕಡೆ ಸಿಗುವ ಕ್ಯಾಂಪಿಂಗ್‌ಗ್ಯಾಸ್ ನೀಲಿ ಸಿಲಿಂಡರಿನಲ್ಲಿ ಬರೀ 2.75 ಕೆಜಿ ಬ್ಯೂಟೇನ್. ಚಳಿಗಾಲದಲ್ಲಿ ನಾರ್ವೆಗೆ ಹೊರಟವರಿಗೆ ಅದರಿಂದ ಉಪಯೋಗವಿಲ್ಲ. ಬ್ಯೂಟೇನ್ ಕುದಿಯುವುದು ಸೊನ್ನೆ ಡಿಗ್ರಿಯ ಹತ್ತಿರ. ಹೊರಗೆ ಹಿಮ ಬಿದ್ದರೆ ಅದು ದ್ರವವಾಗಿಯೇ ಸುಮ್ನೆ ಕೂರುತ್ತದೆ, ಒಲೆಗೆ ಏನೂ ಬರುವುದಿಲ್ಲ. ಪ್ರೋಪೇನ್ ಮೈನಸ್ 42ರವರೆಗೂ ಕುದಿಯುತ್ತದೆ. ಅದಕ್ಕೇ ಉತ್ತರಕ್ಕೆ ಹೋಗುವವರು ಎರಡನೆಯ ಪ್ರೋಪೇನ್ ಸಿಲಿಂಡರನ್ನು ಹೊತ್ತುಕೊಂಡೇ ಹಡಗು ಹತ್ತುತ್ತಾರೆ.

ಫ್ರಿಜ್ ಆಫ್ ಮಾಡಿದರೂ ಕ್ಯಾಲೆಗೆ ಹೋಗುವಷ್ಟರಲ್ಲಿ ಬೆಣ್ಣೆ ಕರಗುವುದಿಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಿಂದ ಸ್ಪೇನಿನ ಸಾಂತಾಂದೇರ್‌ಗೆ ಒಂದು ಹಗಲು ಒಂದು ರಾತ್ರಿಗೂ ಜಾಸ್ತಿ ಬೇಕು. ಮೀನು, ಮಾಂಸ ತುಂಬಿಕೊಂಡು ಹೊರಟರೆ ಫಜೀತಿ. ಹಿಂದಿನ ದಿನವೇ ಫ್ರಿಜ್ ಚೆನ್ನಾಗಿ ತಣಿಸಿ, ಹೆಪ್ಪುಗಟ್ಟಿದ ನೀರಿನ ಬಾಟಲಿ ಒಳಗಿಟ್ಟು, ಬಾಗಿಲು ತೆಗೆಯದೆ ಬಿಡುವುದೇ ದಾರಿ. ಇಟಲಿಯಿಂದ ಗ್ರೀಸಿಗೆ ಹೋಗುವ ಕೆಲವು ಫೆರಿಗಳಲ್ಲಿ ಬೇಸಿಗೆಯಲ್ಲಿ ತೆರೆದ ಅಂತಸ್ತಿನಲ್ಲಿ ವ್ಯಾನ್ ನಿಲ್ಲಿಸಿ ಒಳಗೇ ಮಲಗಬಹುದು, ಕರೆಂಟೂ ಕೊಡುತ್ತಾರೆ. ಅಲ್ಲೂ ಗ್ಯಾಸ್ ಹಚ್ಚುವಂತಿಲ್ಲ.

ಇಳಿದ ಮೇಲೆ ಇನ್ನೊಂದು ತಲೆನೋವು. ವಾಲ್ವ್ ತೆರೆದರೂ ಒಲೆ ಹತ್ತುವುದಿಲ್ಲ, ಸಿಲಿಂಡರ್ ಖಾಲಿಯೇನೋ ಅನ್ನಿಸುತ್ತದೆ. ಆ ಗಿಡ್ಡ ಪೈಪಿನ ತುದಿ ನೋಡಿ. ಹಲವು ವ್ಯಾನುಗಳಲ್ಲಿ ಅಲ್ಲೊಂದು ಹಸಿರು ಗುಂಡಿ ಇರುತ್ತದೆ. ಪೈಪು ಹರಿದರೆ ಗ್ಯಾಸ್ ನುಗ್ಗದಂತೆ ತಡೆಯುವ ಬಿರಡೆ ಅದು, ಒತ್ತಡವಿಲ್ಲದ ಪೈಪನ್ನು ಹರಿದ ಪೈಪೆಂದೇ ತಿಳಿಯುತ್ತದೆ. ವಾಲ್ವನ್ನು ನಿಧಾನವಾಗಿ ತೆರೆದು ಗುಂಡಿಯನ್ನು ಒತ್ತಿ ಹಿಡಿದರೆ ಸರಿಹೋಗುತ್ತದೆ. ಆಮೇಲೆ ಮೊದಲು ಒಲೆ ಹಚ್ಚಿ, ಪೈಪಿನಲ್ಲಿ ಸೇರಿದ ಗಾಳಿಯೆಲ್ಲ ಹೋಗಲಿ. ಫ್ರಿಜ್ ನಂತರ.