ಬೀಡಿ ಕಟ್ಟುವವರಿಗೆ ಪಿಎಫ್, ಕಂಪನಿ ಕಸ ಗುಡಿಸುವವರಿಗೆ ಇಲ್ಲ

ನಮ್ಮ ದೇಶದಲ್ಲಿ ದುಡಿಯುವವರಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಜನ ಅಸಂಘಟಿತರು ಎಂಬ ಮಾತನ್ನು ಕೇಳಿಯೇ ಇರುತ್ತೀರಿ. ಕೇಳಿದ ಕೂಡಲೇ ತಳ್ಳುಗಾಡಿ, ಪಂಕ್ಚರ್ ಅಂಗಡಿ, ಗಾರೆ ಕೆಲಸ ಕಣ್ಣಮುಂದೆ ಬರುತ್ತವೆ, ಅಲ್ವಾ? ಕಾರ್ಮಿಕರ ಅಂಕಿಅಂಶದ ಜೊತೆಗೇ ದಿನ ಕಳೆಯುವ ನನಗೆ ಆ ಚಿತ್ರ ಅರ್ಧ ಮಾತ್ರ ಅನಿಸುತ್ತದೆ.

ಅರ್ಥಶಾಸ್ತ್ರಜ್ಞ ಅರ್ಜುನ್ ಸೇನ್‌ಗುಪ್ತ ಅಧ್ಯಕ್ಷರಾಗಿದ್ದ, ಅಸಂಘಟಿತ ವಲಯಕ್ಕೆಂದೇ ಕೇಂದ್ರ ಸರ್ಕಾರ ನೇಮಿಸಿದ್ದ ಆಯೋಗ 2004-05ರ ಲೆಕ್ಕ ಹಾಕಿತ್ತು. ಸಂಘಟಿತ ವಲಯದಲ್ಲಿ, ಅಂದರೆ ಸರ್ಕಾರಿ ಕಚೇರಿ, ದೊಡ್ಡ ಕಂಪನಿಯಂಥ ಕಡೆ, ಆಗ ಇದ್ದವರು ಸುಮಾರು 6.26 ಕೋಟಿ ಜನ. ಅವರಲ್ಲೇ ಸುಮಾರು 2.91 ಕೋಟಿ ಮಂದಿಗೆ ಕೆಲಸದ ಭದ್ರತೆಯಾಗಲಿ ಪಿಎಫ್‌ನಂಥ ಸೌಲಭ್ಯವಾಗಲಿ ಇರಲಿಲ್ಲ. ದೊಡ್ಡ ಕಂಪನಿಯ ಗೇಟಿನೊಳಗೆ ಗುತ್ತಿಗೆದಾರನ ಮೂಲಕ ಕಸ ಗುಡಿಸುವವರನ್ನು ನೆನೆಸಿಕೊಳ್ಳಿ. ಬೋರ್ಡು ಕಂಪನಿಯದು, ಕೆಲಸ ಮಾತ್ರ ಇವತ್ತಿದ್ದು ನಾಳೆ ಇಲ್ಲ.

ಅದಕ್ಕೇ ಲೆಕ್ಕ ಹಾಕುವಾಗ ಎರಡು ಪ್ರಶ್ನೆ ಬೇಕು. ದುಡಿಯುವ ಜಾಗ ಎಂಥದು? ಆ ಕೆಲಸ ಎಂಥದು? ಜಗತ್ತಿನ ಕಾರ್ಮಿಕ ಅಂಕಿಅಂಶ ತಜ್ಞರು 1993ರಲ್ಲಿ ಮೊದಲನೆಯದಕ್ಕಷ್ಟೇ ವ್ಯಾಖ್ಯೆ ಕೊಟ್ಟಿದ್ದರು. ಎರಡನೆಯದು ಸೇರಲು 2003 ಬರಬೇಕಾಯಿತು. ನಮ್ಮಲ್ಲಿ 2017ರಿಂದ ನಡೆಯುತ್ತಿರುವ ಕಾರ್ಮಿಕ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್, ಎರಡನ್ನೂ ಕೇಳುತ್ತದೆ: ಸಂಸ್ಥೆ ಯಾರದು, ಎಷ್ಟು ಜನ ಇದ್ದಾರೆ, ಬರವಣಿಗೆಯ ಒಪ್ಪಂದ ಇದೆಯಾ, ಸಂಬಳದ ರಜೆ ಸಿಗುತ್ತಾ, ಪಿಎಫ್ ಇದೆಯಾ. ಕೃಷಿ ಬಿಟ್ಟು ಬೇರೆ ಕಡೆ ತಿಂಗಳ ಸಂಬಳಕ್ಕೆ ದುಡಿಯುವವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನರಿಗೆ ಬರವಣಿಗೆಯ ಒಪ್ಪಂದವೇ ಇಲ್ಲ.

ಇದರ ಉಲ್ಟಾ ಕಥೆ ದಕ್ಷಿಣ ಕನ್ನಡದ ಬೀಡಿಯದು. ಹೆಂಗಸರು ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಮನೆ ಜಗಲಿಯಲ್ಲೇ ಬೀಡಿ ಕಟ್ಟುತ್ತಾರೆ. ಇದಕ್ಕಿಂತ ಅಸಂಘಟಿತ ಕೆಲಸ ಯಾವುದಿದೆ ಅನಿಸಬಹುದು. ಆದರೆ ಹೀಗೆ ಮನೆಯಲ್ಲಿ ಬೀಡಿ ಕಟ್ಟುವವರೂ ಪಿಎಫ್‌ಗೆ ಸೇರುತ್ತಾರೆ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಗೊಂದಲ ಇಲ್ಲಿಗೆ ಮುಗಿಯುವುದಿಲ್ಲ. ಬೀಡಿಯ ಲೆಕ್ಕ ಬರೆಯುವ ಪಾಸ್‌ಪುಸ್ತಕ ಅತ್ತೆಯ ಹೆಸರಿನಲ್ಲಿರುತ್ತದೆ, ಬೀಡಿ ಸೊಸೆಯೂ ಕಟ್ಟುತ್ತಾಳೆ. ಒಂದೇ ಮೊರದ ಎರಡು ಬದಿ ಕೂತ ಇಬ್ಬರಲ್ಲಿ ಅತ್ತೆಯ ಕೆಲಸಕ್ಕೆ ದಾಖಲೆ ಇದೆ, ಸೊಸೆಯದಕ್ಕೆ ಇಲ್ಲ.

ಆ ಸೊಸೆ ಸಮೀಕ್ಷೆಗೂ ಸಿಗದೇ ಹೋಗಬಹುದು. ಮನೆಯವರೆಲ್ಲರ ಪರವಾಗಿ ಎಷ್ಟೋ ಸಲ ಒಬ್ಬರೇ ಉತ್ತರ ಕೊಡುತ್ತಾರೆ. ಗಂಡಸು ಬಾಗಿಲಿಗೆ ಬಂದರೆ "ಅವಳಾ? ಸುಮ್ನೆ ಮನೇಲಿರ್ತಾಳೆ" ಅನ್ನುತ್ತಾನೆ. ವಾರದ ಲೆಕ್ಕದಲ್ಲಿ ಏಳು ದಿನಗಳೊಳಗೆ ಒಂದೇ ಗಂಟೆ ದುಡಿದಿದ್ದರೂ ಆಕೆ ಕೆಲಸದವಳೇ. ಆದರೆ ಬೀಡಿ ಕಟ್ಟುತ್ತಾಳಾ, ಹೂ ಕಟ್ಟುತ್ತಾಳಾ, ಅಗರಬತ್ತಿ ಹೊಸೆಯುತ್ತಾಳಾ ಎಂದು ಕೆದಕಿ ಕೇಳದಿದ್ದರೆ ಆ ಗಂಟೆ ಫಾರಂಗೆ ಬರುವುದಿಲ್ಲ. ಕೆಲಸ ಮಾಡುವ ಹೆಂಗಸರ ಸಂಖ್ಯೆ ಏರಿತು, ಇಳಿಯಿತು ಎಂಬ ಸುದ್ದಿ ಓದಿದಾಗೆಲ್ಲ ಪ್ರಶ್ನೆ ಕೇಳಿದ ರೀತಿ ಬದಲಾಗಿತ್ತಾ ಎಂದು ನಾನು ಮೊದಲು ನೋಡುತ್ತೇನೆ.

ತಿಂಗಳು ತಿಂಗಳು ಬರುವ ಪಿಎಫ್‌ನ ಹೊಸ ಸದಸ್ಯರ ಅಂಕಿಯಲ್ಲೂ ಇಂಥದ್ದೇ ತೊಡಕಿದೆ. ಪಿಎಫ್ ಕಾಯ್ದೆ ಸಾಮಾನ್ಯವಾಗಿ ಅನ್ವಯವಾಗುವುದು 20 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಸಂಸ್ಥೆಗೆ. 19 ಜನರಿದ್ದ ಕಾರ್ಖಾನೆಗೆ ಇನ್ನೊಬ್ಬ ಬಂದು ಸೇರಿದ ಅನ್ನಿ. ಎಲ್ಲರೂ ಅರ್ಹರಾಗಿದ್ದರೆ ಹಳಬರೂ ಆ ತಿಂಗಳು ಪಿಎಫ್‌ಗೆ ಹೊಸ ಸದಸ್ಯರಾಗುತ್ತಾರೆ. ಟಿವಿಯಲ್ಲಿ ಅವರೆಲ್ಲ 20 ಹೊಸ ಉದ್ಯೋಗ ಆಗಿಬಿಡುತ್ತಾರೆ. ನಿಜಕ್ಕೂ ಹೊಸದಾಗಿ ಕೆಲಸ ಸಿಕ್ಕಿದ್ದು ಒಬ್ಬನಿಗೆ. ಉಳಿದ 19 ಜನರಿಗೆ ಸಿಕ್ಕಿದ್ದು ಪಿಎಫ್. ಅದೂ ಸಣ್ಣ ವಿಷಯವೇನಲ್ಲ, ಆದರೆ ಬೇರೆ ಸುದ್ದಿ.